ಹರಳು ಹಿಡಿದವನ ಸರದಿ

೨೯ ಜನವರಿ ೧೯೭೮, ಭಾನುವಾರ
ಸಿಂದಗಿ

ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಇಂಡಿ ಕಡೆಯ ಹುಡುಗನೊಬ್ಬನ ತುಟಿ ಒಡೆದೆ. ತಪ್ಪು ಅವನದೇ. ನನ್ನ ಪಕ್ಕ ಬಂದು ನಿಂತವನು ಮೂಗು ಮುಚ್ಚಿಕೊಂಡು, "ಯಾರೋ ಇಲ್ಲಿ ಕುರಿ ಕಟ್ಟ್ಯಾರಪಾ" ಎಂದ. ಅವನ ಗೆಳೆಯರು ನಕ್ಕರು. ಒಂದೇ ಏಟಿಗೆ ಅವನ ಅಂಗಿಯ ಮೇಲೆಲ್ಲ ರಕ್ತ. ಎರಡನೆಯದಕ್ಕೆ ಕೈ ಎತ್ತಿದ್ದೆ, ಅಷ್ಟರಲ್ಲಿ ಬಸಂತರಾಯ ಹಿಂದಿನಿಂದ ಬಂದು ತೆಕ್ಕೆ ಹಾಕಿ ಹಿಡಿದುಬಿಟ್ಟ. ಬಿಡಿಸಿಕೊಳ್ಳಲು ಅವನ ಮೊಳಕಾಲಿಗೆ ಒದ್ದೆ. ಆದರೂ ಬಿಡಲಿಲ್ಲ. "ಸಾಕಲೇ, ರಕ್ತ ಬಂತಲಾ, ಇನ್ನೇನ್ ಬೇಕ ನಿನಗ?" ಎಂದು ಕಿವಿಯಲ್ಲಿ ಹೇಳುತ್ತಲೇ ನನ್ನನ್ನು ಎಳೆದುಕೊಂಡು ಹೋದ.

ಬಸಂತರಾಯ ನಮ್ಮ ಮೋರಟಗಿಯ ದೊಡ್ಡ ಹೊಲದ ಗುರುಲಿಂಗಪ್ಪನವರ ಮಗ. ನಾನು ಅದೇ ಊರಿನ ಕುರಿಗಾರ ಸಿದ್ದರಾಯನ ಮಗ ಅಮೋಘಸಿದ್ಧ. ಒಂದನೆಯ ಇಯತ್ತೆಯಿಂದ ಬಿ.ಎ. ಎರಡನೆಯ ವರ್ಷದವರೆಗೆ ಇಬ್ಬರಿಗೂ ಒಂದೇ ಬೆಂಚು, ಈಗ ಸಿಂದಗಿಯಲ್ಲಿ ಒಂದೇ ಕೋಣೆ. ಅವನ ಮನೆಯಿಂದ ಬುತ್ತಿ ಬಂದರೆ ಅರ್ಧ ನನಗೆ. ಊರಿಗೆ ಹೋದಾಗ ಮಾತ್ರ ನಾನು ಅವರ ಕಟ್ಟೆಯ ಕೆಳಗೆ ನಿಲ್ಲುತ್ತೇನೆ, ಅವನು ಮೇಲೆ ಕೂಡುತ್ತಾನೆ. ಅದರ ಬಗ್ಗೆ ನಾವಿಬ್ಬರೂ ಮಾತಾಡಿದ್ದಿಲ್ಲ.

ಸುದ್ದಿ ಕೇಳಿ ಇವತ್ತು ಅಪ್ಪ ಬಂದಿದ್ದ. ಬೈಯಲಿಲ್ಲ. ನನ್ನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ಭಾಳ ಹಗುರ ಆಗೇತಿ. ಇನ್ನೊಮ್ಮೆ ಯಾರ ಮೈಮ್ಯಾಲೆ ಕೈ ಮಾಡಿದ್ರ ಪುಸ್ತಕ ಕಸಗೊಂಡು ಕುರಿ ಹಿಂದ ಹಚ್ಚತೇನಿ. ಆಣಿ ಮಾಡು" ಎಂದ. ಯಾವ ದೇವರ ಹೆಸರು ನನಗಿಟ್ಟಿದ್ದಾರೋ ಅದೇ ದೇವರ ಮೇಲೆ ಆಣೆ ಮಾಡಿದೆ. ಅಪ್ಪ ಹೋದ ಮೇಲೆ ಬಸಂತರಾಯ ಈ ನೋಟುಬುಕ್ಕು ಕೊಟ್ಟು, "ಸಿಟ್ಟ ಬಂದ್ರ ಇದರಾಗ ಗೀಚು, ಯಾರ ಹಲ್ಲೂ ಮುರಿಯಂಗಿಲ್ಲ" ಎಂದ. ಗೀಚುತ್ತಿದ್ದೇನೆ. ಕೈ ಇನ್ನೂ ತುರಿಸುತ್ತಲೇ ಇದೆ.

೫ ಫೆಬ್ರವರಿ, ಭಾನುವಾರ
ಮೋರಟಗಿ

ಊರಿಗೆ ಇಬ್ಬರು ಜಪಾನಿನವರು ಬಂದಿದ್ದಾರೆ! ಇಬ್ಬರೂ ನಮ್ಮಂತೆಯೇ ಕಾಲೇಜು ಹುಡುಗರು. ಕೃಷಿ ಕಲಿಯುವವರಂತೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿಹಿಂಡು ನಿಲ್ಲಿಸಿ ಗೊಬ್ಬರ ಮಾಡುವ ನಮ್ಮ ಪದ್ಧತಿಯನ್ನು ನೋಡಿ ಬರೆದುಕೊಳ್ಳಬೇಕಂತೆ. ಹಿಕ್ಕೆ ನೋಡಲು ಸಮುದ್ರ ದಾಟಿ ಬಂದವರನ್ನು ನಮ್ಮವ್ವ ರೇವವ್ವ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಪಾಪ ಅನಿಸಿತೋ ಏನೋ, ಬಿಸಿ ರೊಟ್ಟಿ ಕೊಟ್ಟಳು.

ಹಿರಿಯನ ಹೆಸರು ನೊಬೊರು, ಕಿರಿಯವನು ಹಿಸಾಶಿ. ರಸ್ತೆಗೆ ಹತ್ತಿದ ಶ್ರೀಶೈಲಪ್ಪನ ಹೊಲದ ಕೋಣೆಯಲ್ಲಿ ಇಳಿದಿದ್ದಾರೆ. ಊರಿನಲ್ಲಿ ಇಂಗ್ಲಿಷ್ ಬರುವವರು ಇಬ್ಬರೇ, ನಾನು ಮತ್ತು ಬಸಂತರಾಯ. ಅವನಿಗಿಂತ ನನ್ನದು ಒಂದು ಕೈ ಮೇಲು, ಹಾಗಾಗಿ ದುಭಾಷಿಯ ಕೆಲಸ ನನಗೇ ಬಂತು.

ಅವರ ಇಂಗ್ಲಿಷು ಕೇಳಿ ನನಗೆ ಧೈರ್ಯ ಬಂತು. ನೊಬೊರು ಒಂದು ಮಾತು ಆಡಬೇಕಾದರೆ ಮೊದಲು ಚೀಟಿಯಲ್ಲಿ ಬರೆದುಕೊಂಡು, ತುಟಿಯಲ್ಲೇ ಓದಿಕೊಂಡು, ಆಮೇಲೆ ಆಡುತ್ತಾನೆ. ನಾನು ಉತ್ತರವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು, ಎರಡು ಸಲ ತಿದ್ದಿ, ಆಮೇಲೆ ಹೊರಗೆ ಬಿಡುತ್ತೇನೆ. ಅಷ್ಟರೊಳಗೆ ಕುರಿಗಳು ಒಂದು ಫರ್ಲಾಂಗು ಮುಂದೆ ಹೋಗಿರುತ್ತವೆ. ಅವನೂ ಎಂಟು ವರ್ಷ ಇಂಗ್ಲಿಷ್ ಓದಿದ್ದಾನಂತೆ, ಆದರೆ ಕ್ಲಾಸಿನ ಹೊರಗೆ ಬೇರೆ ದೇಶದವನೊಬ್ಬನ ಸಂಗಡ ಆಡಿದ್ದು ಇದೇ ಮೊದಲಂತೆ. ನನ್ನದೂ ಅದೇ ಕಥೆ.

೯ ಫೆಬ್ರವರಿ, ಗುರುವಾರ

ಕಾಲೇಜು ತಪ್ಪಿಸಿ ಅವರ ಸಂಗಡ ಹಳ್ಳದ ದಂಡೆಗೆ ಹೋಗಿದ್ದೆ. ದಾರಿಯಲ್ಲಿ ಒಂದು ವಿಚಿತ್ರ ನೋಡಿದೆ. ಅವರ ಭಾಷೆಯಲ್ಲಿ ಏನೋ ಮಾತು ನಡೆದಿತ್ತು. ನೊಬೊರು ಗದರಿದ, ಹಿಸಾಶಿ ತಲೆ ತಗ್ಗಿಸಿ ಹೂಂಗುಟ್ಟಿದ. ಆದರೆ ಅವನ ಕಿವಿಯೆಲ್ಲ ಕೆಂಪಾಗಿತ್ತು, ಮುಷ್ಟಿ ಬಿಗಿದಿತ್ತು. ಅದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ಬಿತ್ತು ಏಟು ಎಂದುಕೊಂಡೆ. ಹಿಸಾಶಿ ಬಗ್ಗಿ ಹಳ್ಳದಿಂದ ಒಂದು ಹರಳು ಎತ್ತಿಕೊಂಡ. ತಲೆಗೆ ಒಗೆಯುತ್ತಾನೆ ಅಂದುಕೊಂಡರೆ, ಅದನ್ನು ಅಂಗೈಯಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಜಗಳ ಶುರು ಮಾಡಿದ!

ಒಂದೊಂದು ಶಬ್ದಕ್ಕೂ ತಡಕಾಡಿದ. "ನೀವು ನನ್ನ... ನನ್ನ..." ಎಂದು ನಿಂತ. ನೊಬೊರು ತುಟಿ ಬಿಚ್ಚದೆ ಕಾದ. ಮಾತು ಮುಗಿದ ಮೇಲೆ ಹಿಸಾಶಿ "ಪ್ಲೀಸ್" ಎಂದು ಹರಳನ್ನು ಅವನ ಕೈಗೆ ಕೊಟ್ಟ. ಈಗ ನೊಬೊರು ತಡಕಾಡಿದ. ಹೀಗೆ ಹರಳು ನಾಲ್ಕು ಸಲ ಆ ಕೈಯಿಂದ ಈ ಕೈಗೆ ಹೋಯಿತು. ಐದನೆಯ ಸಲಕ್ಕೆ ಇಬ್ಬರೂ ಒಂದೇ ಶಬ್ದ ಹುಡುಕುತ್ತ ನಿಂತು ನಗತೊಡಗಿದರು.

ಆಮೇಲೆ ನೊಬೊರು ನನಗೆ ಬಿಡಿಸಿ ಹೇಳಿದ. (ಇಂಗ್ಲಿಷಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.) "ನಾನು ಹಿಸಾಶಿಗಿಂತ ಒಂದು ವರ್ಷ ಹಿರಿಯ. ನಮ್ಮ ಭಾಷೆಯಲ್ಲಿ ಅವನು ನನಗೆ ಎದುರಾಡುವಂತಿಲ್ಲ. ಎಲ್ಲವನ್ನೂ ನುಂಗಬೇಕು. ಹಾಗೆ ನುಂಗಿ ನುಂಗಿ ನಮ್ಮ ಹಾಸ್ಟೆಲಿನ ಒಬ್ಬ ಹುಡುಗ ಒಂದು ದಿನ ಹಿರಿಯನ ತಲೆಗೆ ಕುರ್ಚಿಯಿಂದ ಹೊಡೆದ. ಅಂದಿನಿಂದ ನಾವು ಕೆಲವರು ಗೆಳೆಯರು ಸಿಟ್ಟು ಬಂದಾಗ ಪುಸ್ತಕಾಲಯದ ಹಿಂದೆ ಹೋಗಿ ಇಂಗ್ಲಿಷಿನಲ್ಲಿ ಜಗಳಾಡುತ್ತೇವೆ. ಹರಳು ಯಾರ ಕೈಯಲ್ಲಿದೆಯೋ ಅವರ ಸರದಿ. ಮುಗಿದ ಮೇಲೆ ಹರಳು ಕೊಟ್ಟುಬಿಡಬೇಕು. ಅದೊಂದೇ ನಿಯಮ. ಶಬ್ದ ಹುಡುಕುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ."

ಕ್ಲಾಸಿನ ಹೊರಗೆ ಇಂಗ್ಲಿಷಿಗೆ ಇಂಥದೊಂದು ಕೆಲಸ ಇದೆ ಎಂದು ನಮ್ಮ ಪ್ರೊಫೆಸರರಿಗೆ ಗೊತ್ತಿದ್ದಂತಿಲ್ಲ. ಕೋಣೆಗೆ ಬಂದು ಬಸಂತರಾಯನಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನಗ ಹೇಳಿ ಮಾಡಿಸಿದಂಗ ಐತಿ" ಎಂದ.

೧೯ ಫೆಬ್ರವರಿ, ಭಾನುವಾರ
ಮೋರಟಗಿ

ಜೋಳ ಕಿತ್ತು ಮುಗಿಯಿತು. ನಾಳೆಯಿಂದ ಹಿಂಡು ಹೊಲಗಳಲ್ಲಿ ನಿಲ್ಲಬೇಕು. ಪ್ರತಿ ವರ್ಷ ಮೊದಲ ವಾರ ಗುರುಲಿಂಗಪ್ಪನವರ ಹೊಲದಲ್ಲಿ, ಆಮೇಲೆ ಉಳಿದವರದು. ಅಜ್ಜನ ಕಾಲದಿಂದ ಹಾಗೇ ನಡೆದು ಬಂದಿದೆ. ಮೊದಲ ಹಿಂಡು ಯಾರ ಹೊಲದಲ್ಲಿ ನಿಲ್ಲುತ್ತದೆಯೋ ಅವರು ಊರಿಗೆ ಹಿರಿಯರು.

ಆದರೆ ನೊಬೊರುವಿಗೆ ಮೊದಲ ದಿನದಿಂದಲೇ ಮಣ್ಣು ತೆಗೆದು ಅಳೆಯಬೇಕು. ಗುರುಲಿಂಗಪ್ಪನವರ ಹೊಲ ಎರಡು ಹರದಾರಿ ದೂರ. ಶ್ರೀಶೈಲಪ್ಪನ ಹೊಲವಾದರೆ ಅವರ ಕೋಣೆಯ ಬಾಗಿಲಿಗೇ ಇದೆ. ಈ ಸಲ ಮೊದಲು ಅಲ್ಲೇ ನಿಲ್ಲಿಸೋಣ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಬಹಳ ಹೊತ್ತು ಎಲೆ ಅಡಿಕೆ ಅಗಿದ.

"ಸಾವಕಾರ್ರು ಏನ್ ಅಂತಾರ?"

"ನಾಕ ದಿನದ ಮಾತು ಯಪ್ಪಾ. ಪರದೇಶದವ್ರು ಬಂದಾರ. ಬಸಂತರಾಯಗ ನಾ ಹೇಳ್ತೇನಿ, ಅವ ತನ್ನ ಅಪ್ಪಗ ಹೇಳ್ತಾನ."

ಅಪ್ಪ ಒಪ್ಪಿದ. ಬಸಂತರಾಯನಿಗೂ ಹೇಳಿದೆ. ಅವನು ತಲೆ ಕೆರೆದುಕೊಂಡು, "ನೋಡ್ತೇನಿ" ಎಂದ. ನೋಡುತ್ತಾನೆ ಬಿಡು, ನಾಲ್ಕು ದಿನದಲ್ಲಿ ಏನು ಮುಳುಗಿ ಹೋಗುತ್ತದೆ?

೨೪ ಫೆಬ್ರವರಿ, ಶುಕ್ರವಾರ

ಅಪ್ಪನ ಎಡಗೈ ಮುರಿದಿದ್ದಾರೆ.

ಮಧ್ಯಾಹ್ನ ಸಿಂದಗಿಗೆ ಸುದ್ದಿ ಬಂತು. ಬಸ್ಸು ಕಾಯದೆ ಲಾರಿ ಹತ್ತಿ ಬಂದೆ. ಶ್ರೀಶೈಲಪ್ಪನ ಹೊಲದಲ್ಲಿ ಅಪ್ಪ ಕಂಬಳಿಯ ಮೇಲೆ ಬಿದ್ದಿದ್ದ. ಹಣೆ ಒಡೆದು ರಕ್ತ ಗಡ್ಡದವರೆಗೆ ಹರಿದು ಒಣಗಿತ್ತು. ಮೊಣಕೈ ಕೆಳಗೆ ಮೂಳೆ ತೊಗಲನ್ನು ಒಳಗಿನಿಂದ ಎತ್ತಿ ಹಿಡಿದಿತ್ತು. ಮೂಳೆ ಕೂಡಿಸುವ ಗೈಬುಸಾಬ ಅದನ್ನು ಎಳೆದು ಕೂಡಿಸಿ, ತತ್ತಿಯ ಲೋಳೆ ಹಚ್ಚಿ, ಬಿದಿರಿನ ಸೀಳು ಇಟ್ಟು ಬಿಗಿದ. ಎಳೆದಾಗ ಆದ ಸಪ್ಪಳ ಈಗಲೂ ಕಿವಿಯಲ್ಲಿದೆ. ಅಪ್ಪ ಕೂಗಲಿಲ್ಲ, ಕಂಬಳಿಯ ಅಂಚು ಕಚ್ಚಿ ಹಿಡಿದಿದ್ದ.

ಹೊಡೆದದ್ದು ಗುರುಲಿಂಗಪ್ಪನವರ ಮನೆಯ ಆಳು ಸೋಮನಿಂಗ ಮತ್ತು ಮೂವರು. ಗುರುಲಿಂಗಪ್ಪ ಬದುವಿನ ಮೇಲೆ ನಿಂತು, "ನಮ್ಮ ಹೊಲ ಬಿಟ್ಟ ಕಂಡವರ ಹೊಲದಾಗ ಮೊದಲ ನಿಂತಿಯೇನಲೇ?" ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದನಂತೆ. ಅಪ್ಪ ಉತ್ತರ ಕೊಡಲು ಬಾಯಿ ತೆರೆದಾಗಲೆಲ್ಲ ಏಟು ಬಿತ್ತಂತೆ.

ಬಸಂತರಾಯನೂ ಅಲ್ಲಿದ್ದನಂತೆ. ನಮ್ಮ ನಾಯಿ ಬೂದ್ಯಾ ಮೈಮೇಲೆ ಬೀಳಲು ಹೋದಾಗ ಅದರ ಕೊರಳು ತಬ್ಬಿ ಹಿಡಿದು ಕೂತಿದ್ದನಂತೆ, ಎಲ್ಲ ಮುಗಿಯುವ ತನಕ. ಇದನ್ನು ಅಪ್ಪನೇ ಹೇಳಿದ.

ಅಪ್ಪನನ್ನು ಮನೆಗೆ ತಂದು ಮಲಗಿಸಿದ ಮೇಲೆ ಮೂಲೆಯಲ್ಲಿದ್ದ ಕೊಡಲಿಯನ್ನು ಕೈಗೆತ್ತಿಕೊಂಡೆ. ಅಪ್ಪ ಮಲಗಿದಲ್ಲಿಂದಲೇ, "ಆಣಿ ಐತಿ" ಎಂದ. ಅಷ್ಟೇ. ಅವ್ವ ನನ್ನ ಕಾಲು ಹಿಡಿದುಕೊಂಡು ಕೂತಳು. ಕೊಡಲಿಯನ್ನು ಗೋಡೆಗೆ ಒಗೆದೆ. ಒಂದು ಗಡಿಗೆ ಒಡೆಯಿತು. ತಪ್ಪು ನನ್ನದೇ, ಮೊದಲ ಹೊಲ ಬದಲಿಸಿದವನು ನಾನು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನಗೆ ಗೊತ್ತು.

೨೭ ಫೆಬ್ರವರಿ, ಸೋಮವಾರ
ಸಿಂದಗಿ

ಮುಂಜಾನೆ ಒಂದು ಹೊಲಸು ಆಲೋಚನೆಯಿಂದ ಎದ್ದೆ. ಬಸಂತರಾಯ ಕೋಣೆಗೆ ಬಂದರೆ ಬಾಗಿಲ ಹಿಂದೆಯೇ ನಿಂತು ಹೊಡೆಯಬೇಕು ಎಂದು. ಅವನು ಬಂದ. ಬಾಗಿಲಲ್ಲೇ ನಿಂತ, ಒಳಗೆ ಕಾಲಿಡಲಿಲ್ಲ. ಮುಂದಕ್ಕೆ ಚಾಚಿದ ಅಂಗೈಯಲ್ಲಿ ಒಂದು ಹರಳು. ನೊಬೊರು ನಿನ್ನೆ ಅವನಿಗೆ ಕೊಟ್ಟನಂತೆ.

ಕಾಲೇಜಿನ ಹಿಂದಿನ ಬೇವಿನ ಮರದ ಕೆಳಗೆ ಹೋದೆವು. ಮೊದಲ ಸರದಿ ನನಗೆ ಕೊಟ್ಟ.

"ನೀನು ಅಲ್ಲಿ ಇದ್ದೆಯಾ?" ಎಂದೆ ಇಂಗ್ಲಿಷಿನಲ್ಲಿ. ಹರಳು ಕೊಟ್ಟೆ.

"ಇದ್ದೆ." ಅವನ ಇಂಗ್ಲಿಷು ನನ್ನದಕ್ಕಿಂತ ಕುಂಟು. "ನಾನು ನಾಯಿ ಹಿಡಿದೆ. ಸೋಮನಿಂಗ... ಕೊಡಲಿ. ನಾಯಿ ಸಾಯುವುದು. ಅದಕ್ಕೆ."

"ನನ್ನ ತಂದೆ ನಾಯಿಗಿಂತ..." ಎಂದು ಶುರು ಮಾಡಿದೆ. 'ಅಗ್ಗ' ಎನ್ನಬೇಕಿತ್ತು, ಶಬ್ದ ಬಾಯಿಗೆ ಬರಲಿಲ್ಲ. ಹರಳು ಹಿಡಿದು ನಿಂತೆ. ಮುಷ್ಟಿ ಬಿಗಿದಿತ್ತು, ಆದರೆ ಒಳಗೆ ಹರಳು ಇತ್ತಲ್ಲ, ಅದು ಅಂಗೈಗೆ ಒತ್ತುತ್ತಿತ್ತು. ಅವನು ಕಾದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಕೊನೆಗೆ 'ಚಿಕ್ಕವನೆ?' ಎಂದು ಮುಗಿಸಿ ಹರಳು ಕೊಟ್ಟೆ.

"ಇಲ್ಲ," ಎಂದ. "ನನ್ನ ಅಪ್ಪನ ಕೈ ಹಿಡಿಯಬೇಕಿತ್ತು. ಹಿಡಿಯಲು ನನಗೆ..." ಅಲ್ಲಿಗೆ ನಿಂತ. ಎದೆಗೆ ಮುಷ್ಟಿಯಿಂದ ಗುದ್ದಿಕೊಂಡ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಅವನಿಗೆ ತಿಳಿಯದು. ಕನ್ನಡದಲ್ಲಿ ಹೇಳುವಂತಿಲ್ಲ, ಇಂಗ್ಲಿಷಿನಲ್ಲೇ ಆಡಬೇಕು. ಗಂಟೆ ಹೊಡೆಯಿತು. "ಹುಡಿಕ್ಯಾಡಿ ಬಂದು ಹೇಳ್ತೇನಿ" ಎಂದು ಹರಳನ್ನು ನನಗೇ ಕೊಟ್ಟು ಕ್ಲಾಸಿಗೆ ಓಡಿದ.

ನೊಬೊರು ಹೇಳಿದ್ದು ಸುಳ್ಳಲ್ಲ. ಹೊಡೆಯಬೇಕು ಅನಿಸಲಿಲ್ಲ. ಆದರೆ ಸಿಟ್ಟು ಇಳಿದಿದೆ ಎಂದೂ ಅನಿಸುತ್ತಿಲ್ಲ. 'ಅಗ್ಗ' ಎನ್ನಲು ಶಬ್ದ ಸಿಗಲಿಲ್ಲವಲ್ಲ, ಅದೇ ಕೊರೆಯುತ್ತಿದೆ.

೧ ಮಾರ್ಚ್, ಬುಧವಾರ

ಲೈಬ್ರರಿಯಿಂದ ಡಿಕ್ಷನರಿ ತಂದೆ. ದಿನಕ್ಕೆ ಇಪ್ಪತ್ತು ಶಬ್ದ. ಹೇಡಿ, ಎಂಜಲು ತಿನ್ನುವವ, ಬಾಲ ಅಲ್ಲಾಡಿಸುವವ. ಇಂಗ್ಲಿಷಿನಲ್ಲಿ ಬೈಗುಳಕ್ಕೆ ಬರವೇನಿಲ್ಲ.

೩ ಮಾರ್ಚ್, ಶುಕ್ರವಾರ

ಬಸಂತರಾಯ ಕೋಣೆ ಬಿಟ್ಟು ತನ್ನ ಮಾವನ ಮನೆಗೆ ಹೋಗಿದ್ದಾನೆ. ಒಳ್ಳೆಯದೇ ಆಯಿತು, ಜೋರಾಗಿ ಬಾಯಿಪಾಠ ಮಾಡಬಹುದು. ನಲವತ್ತು ಶಬ್ದ. ಗೋಡೆಗೆ ಎದುರಾಗಿ ನಿಂತು, ಅದೇ ಅವನು ಎಂದುಕೊಂಡು ಬೈಯುತ್ತೇನೆ. ಮೈಯೆಲ್ಲ ಬೆವರುತ್ತದೆ, ಆಮೇಲೆ ಹಸಿವೆ ಚೆನ್ನಾಗಿ ಆಗುತ್ತದೆ. ಕೈ ತುರಿಸುವುದು ನಿಂತಿದೆ. ಇಂಗ್ಲಿಷಿನಿಂದ ನಿಜವಾಗಿಯೂ ಲಾಭವಿದೆ.

೬ ಮಾರ್ಚ್, ಸೋಮವಾರ

ಇವತ್ತು ಅವನಿಗೆ ಮಣ್ಣು ಮುಕ್ಕಿಸಿದೆ. ಬೆರಳೂ ತಾಗಿಸಿಲ್ಲ, ಆಣೆಗೆ ಭಂಗವಿಲ್ಲ.

ಬೇವಿನ ಕೆಳಗೆ ನಲವತ್ತು ಐವತ್ತು ಹುಡುಗರು ನೆರೆದಿದ್ದರು. ಕರೆದವನು ನಾನೇ. ಬಸಂತರಾಯ ಅಷ್ಟು ಜನರನ್ನು ನೋಡಿ ಹಿಂಜರಿದ, ಆದರೂ ಬಂದ. ಅಂಗೈಯಲ್ಲಿ ಶಾಯಿಯಿಂದ ಏನೋ ಬರೆದುಕೊಂಡಿದ್ದ, ನಾವು ಪರೀಕ್ಷೆಗೆ ಬರೆದುಕೊಳ್ಳುತ್ತೇವಲ್ಲ, ಹಾಗೆ. ಹರಳು ನನ್ನ ಹತ್ತಿರವೇ ಇತ್ತು. ಶುರು ಮಾಡಿದೆ.

"ನೀನು ನಾಯಿಯನ್ನು ನಾಯಿಗಾಗಿ ಹಿಡಿಯಲಿಲ್ಲ. ನಿನ್ನ ಆಳುಗಳು ನಿಶ್ಚಿಂತೆಯಿಂದ ಹೊಡೆಯಲಿ ಎಂದು ಹಿಡಿದೆ. ನೀನು ಹೇಡಿ. ನೀನು ಹೇಡಿಯ ಮಗ. ನನ್ನ ತಂದೆಯ ರಕ್ತ ಬೀಳುವಾಗ ನೀನು ಒಂದು ಪಶುವಿನ ಕೊರಳಲ್ಲಿ ಮುಖ ಮುಚ್ಚಿಕೊಂಡಿದ್ದೆ." ಹೀಗೆ ಹದಿನೈದು ನಿಮಿಷ. ಎಲ್ಲಿಯೂ ತಡವರಿಸಲಿಲ್ಲ. ಒಂದು ಶಬ್ದ ಮುಗಿಯುವುದರೊಳಗೆ ಇನ್ನೊಂದು ಬಾಯಿಗೆ ಬಂದು ನಿಲ್ಲುತ್ತಿತ್ತು. ಅರ್ಧ ಹುಡುಗರಿಗೆ ಅರ್ಥವಾಗಲಿಲ್ಲ, ಆದರೂ ಚಪ್ಪಾಳೆ ತಟ್ಟಿದರು.

ಬಸಂತರಾಯ ಅಂಗೈ ಚಾಚಿದ. ಹರಳು ಕೊಡಲಿಲ್ಲ. ಮತ್ತೆ ಚಾಚಿದ. "ಅವನಿಗೆ ಸರದಿ ಬೇಕಂತೆ! ಕೊಟ್ಟರೆ ಏನು ಮಾಡುತ್ತಾನೆ, ಬೊಗಳುತ್ತಾನೆ" ಎಂದೆ. ನಗೆ ಎದ್ದಿತು. ಅವನ ಮುಖ ಸುಟ್ಟಂತೆ ಕಪ್ಪಾಯಿತು. ಅವನ ಕಡೆಯ ಇಬ್ಬರು ನನ್ನ ಮೇಲೆ ಬಿದ್ದರು, ಒಬ್ಬನ ಹುಬ್ಬು ನನ್ನ ತಲೆಗೆ ತಾಗಿ ಸೀಳಿತು. ಅವರನ್ನು ಹಿಡಿದು ಬಿಡಿಸಿದವನು ಬಸಂತರಾಯನೇ. ಆಮೇಲೆ ಸೈಕಲ್ ಹತ್ತಿ ಹೋದ.

ಹರಳು ನನ್ನ ಜೇಬಿನಲ್ಲಿದೆ.

೯ ಮಾರ್ಚ್, ಗುರುವಾರ
ಮೋರಟಗಿ

ಬೂದ್ಯಾನನ್ನು ಕೊಂದರು.

ಸಾವಕಾರ್ರ ಮಗನಿಗೆ ಕುರಿಗಾರನ ಮಗ ಇಂಗ್ಲಿಷಿನಲ್ಲಿ ಉಗಿದನಂತೆ ಎಂದು ಊರೆಲ್ಲ ಮಾತಾಗಿತ್ತಂತೆ. ಇವತ್ತು ಹಗಲು ಹನ್ನೆರಡಕ್ಕೆ ಸೋಮನಿಂಗ ಮತ್ತು ನಾಲ್ವರು ಹಳ್ಳದಲ್ಲಿ ನೀರು ಕುಡಿಯುತ್ತಿದ್ದ ಹಿಂಡಿಗೆ ನುಗ್ಗಿದರು. ನಾನು ಅವ್ವನ ಸಂಗಡ ಇನ್ನೂ ದಂಡೆಯ ಮೇಲಿದ್ದೆ. ನಾಯಿಯನ್ನು ಹಿಡಿಯಲು ಈ ಸಲ ಯಾರೂ ಇರಲಿಲ್ಲ. ಅದು ಸೋಮನಿಂಗನ ತೊಡೆಗೆ ಬಾಯಿ ಹಾಕಿತು. ಅವನು ಕೊಡಲಿಯ ಹಿಂಬದಿಯಿಂದ ಅದರ ತಲೆಗೆ ಹೊಡೆದ. ಒಂದೇ ಏಟು. ಎರಡು ಟಗರುಗಳ ಹಿಂಗಾಲು ಮುರಿದರು. ಹಳ್ಳದ ನೀರು ಕೆಂಪಗೆ ಹರಿಯಿತು.

ಹಿಸಾಶಿ ಕೈ ಅಡ್ಡ ಮಾಡಿಕೊಂಡು "ಸ್ಟಾಪ್, ಪ್ಲೀಸ್, ಸ್ಟಾಪ್" ಎನ್ನುತ್ತ ನಡುವೆ ಓಡಿದ. ಅವರಿಗೇನು ತಿಳಿಯುತ್ತದೆ? ಅವನ ತಲೆಗೂ ಬಡಿಗೆ ಬಿತ್ತು. ಕಿವಿಯ ಮೇಲೆ ನಾಲ್ಕು ಬೆರಳಗಲ ಸೀಳಿದೆ. ಪರದೇಶದವನ ರಕ್ತ ನೋಡಿ ಹೆದರಿ ಓಡಿಹೋದರು.

ನೊಬೊರು ಗಂಟು ಕಟ್ಟುತ್ತಿದ್ದಾನೆ. ನಾಳೆ ಹೋಗುತ್ತಾರೆ. ಹಿಸಾಶಿಯ ತಲೆಗೆ ಬಟ್ಟೆ ಸುತ್ತುತ್ತ ನನ್ನನ್ನು ಕೇಳಿದ.

"ಅವನಿಗೆ ಸರದಿ ಕೊಟ್ಟೆಯಾ?"

"ಅವನಿಗೆ ಇಂಗ್ಲಿಷ್ ಬರುವುದಿಲ್ಲ" ಎಂದೆ.

ನೊಬೊರು ಚೀಟಿ ತೆಗೆದು ಬರೆಯಲಿಲ್ಲ. ಬಹಳ ಹೊತ್ತು ಹುಡುಕಿ ಬಾಯಿಯಿಂದಲೇ ಹೇಳಿದ. "ಅಮೋಘ, ನಮಗೂ ಬರುವುದಿಲ್ಲ. ಬಾರದ್ದರಿಂದಲೇ ಅದು ಕೆಲಸ ಮಾಡುತ್ತದೆ."

ಸುಮ್ಮನೆ ಉಪದೇಶ. ಅವನ ಅಪ್ಪನ ಕೈಯನ್ನು ಯಾರಾದರೂ ಮುರಿದಿದ್ದಾರೆಯೇ?

೧೧ ಮಾರ್ಚ್, ಶನಿವಾರ

ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಸಂಜೆ ನಾಲ್ಕಕ್ಕೆ ಬೂದ್ಯಾನನ್ನು ಹೂಳಿದ ಜಾಗದಲ್ಲಿ ಕಲ್ಲು ಪೇರಿಸುತ್ತಿದ್ದೆ. ಬಸಂತರಾಯ ಸೈಕಲ್ ಮೇಲೆ ಒಬ್ಬನೇ ಬಂದ. ಕೈಯಲ್ಲಿ ಬಡಿಗೆ ಇಲ್ಲ, ತಲೆಗೆ ಟವೆಲೂ ಇಲ್ಲ. ಹತ್ತು ಹೆಜ್ಜೆ ದೂರದಲ್ಲಿ ನಿಂತು ಬಲ ಅಂಗೈ ಚಾಚಿದ. ಶಾಯಿಯ ಬರಹ ಹೊಸದಾಗಿತ್ತು.

ಅಪ್ಪನ ಕೋಲು ನನ್ನ ಹತ್ತಿರ ಇತ್ತು. ಎದ್ದು ಹತ್ತಿರ ಹೋಗಿ ಮೊದಲ ಏಟನ್ನು ಆ ಅಂಗೈಗೇ ಹಾಕಿದೆ. ಬೆರಳುಗಳ ಸಪ್ಪಳ ಕೇಳಿಸಿತು. ಅವನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಬಗ್ಗಿದ. ಎರಡನೆಯದು ಬೆನ್ನಿಗೆ. ಕೆಳಗೆ ಬಿದ್ದ. "ಬ್ಯಾಡೋ ಅಮೋಘಾ! ನನ್ನ ಮಾತ ಕೇಳೋ, ಒಂದ ಮಾತು" ಎಂದ. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಒಂದು ವಾಕ್ಯಕ್ಕೆ ಒಂದು ಏಟು. ವಾಕ್ಯಗಳೆಲ್ಲ ಸಾಲಾಗಿ ನಿಂತು ಬಂದವು. ಒಂದಕ್ಕೂ ಹುಡುಕಬೇಕಾಗಲಿಲ್ಲ. ಎಲ್ಲಿಯಾದರೂ ಒಂದು ಶಬ್ದಕ್ಕೆ ನಿಂತಿದ್ದರೆ ಕೋಲೂ ನಿಲ್ಲುತ್ತಿತ್ತೋ ಏನೋ. ನಿಲ್ಲಲಿಲ್ಲ. ಅವನು ಮುಖ ಎತ್ತಿ ಏನೋ ಹೇಳಲು ಬಾಯಿ ತೆರೆದ. ಆಗ ದವಡೆಗೆ ಹೊಡೆದೆ. ಆಮೇಲೆ ಅವನು ಮಾತಾಡಲಿಲ್ಲ.

ಎಳೆದು ನಿಲ್ಲಿಸಿದವನು ಸೋಮನಿಂಗ. ಹೌದು, ಅವನೇ. ಹೊಲದಿಂದ ಕುಂಟುತ್ತ ಓಡಿ ಬಂದು ನನ್ನನ್ನು ನೆಲಕ್ಕೆ ಕೆಡವಿ ಮೇಲೆ ಕೂತ. "ಏನ್ ಓದಾಕತ್ತಿದ್ದಲೇ ನೀ, ಪಾಠ ಓದಿದಂಗ? ಮನಷ್ಯಾನ ಹೊಡಿವಾಗ ಯಾರರೆ ಹಂಗ ಓದ್ತಾರೇನು?" ಎಂದು ಅಳುತ್ತ ಕೇಳಿದ.

ಮನೆಗೆ ಬಂದರೆ ಅಪ್ಪ ನನ್ನನ್ನು ನೋಡಲಿಲ್ಲ. ಕಟ್ಟಿದ ಕೈಯನ್ನು ಎದೆಗೆ ಅವಚಿಕೊಂಡು ಗೋಡೆಯ ಕಡೆಗೆ ತಿರುಗಿ ಕೂತ. ನನ್ನ ಕೈ ತುರಿಸುತ್ತಿಲ್ಲ. ಹಸಿವೆಯೂ ಇಲ್ಲ.

೧೫ ಮಾರ್ಚ್, ಬುಧವಾರ

ಊರ ಹಿರಿಯರು ಕೂತರು. ಪೊಲೀಸರವರೆಗೆ ಹೋದರೆ ಅಪ್ಪನ ಕೈ, ಹಿಸಾಶಿಯ ತಲೆ, ಬಸಂತರಾಯನ ದವಡೆ ಎಲ್ಲವೂ ಹೊರಗೆ ಬರುತ್ತವೆ, ಅದಕ್ಕೆ ಎರಡೂ ಕಡೆಯವರು ಬೇಡವೆಂದರು. ಮುಂದಿನ ವರ್ಷ ಹಿಂಡು ಮೊದಲು ಗುರುಲಿಂಗಪ್ಪನವರ ಹೊಲದಲ್ಲೇ ನಿಲ್ಲಬೇಕು. ಅವರ ಆಳುಗಳು ಹಿಂಡಿನ ಹತ್ತಿರ ಬರುವಂತಿಲ್ಲ. ನಾನು ಬಿಜಾಪುರದ ದವಾಖಾನೆಗೆ ಹೋಗಿ ಬಸಂತರಾಯನ ಕಾಲು ಮುಟ್ಟಿ ತಪ್ಪಾಯಿತು ಅನ್ನಬೇಕು.

ಗುರುಲಿಂಗಪ್ಪ ನಾಲ್ಕೇ ದಿನದಲ್ಲಿ ಮುದುಕನಾಗಿದ್ದಾನೆ. ಏಳುವಾಗ ಅಪ್ಪ ತನ್ನ ಒಳ್ಳೆಯ ಕೈಯನ್ನು ಅವನಿಗೆ ಆಸರೆಗೆ ಕೊಟ್ಟ. ಅದನ್ನು ನೋಡಿ ನನಗೆ ಮತ್ತೆ ಸಿಟ್ಟು ಬಂತು.

ಪುಸ್ತಕಗಳನ್ನು ಅಪ್ಪ ಗೋಣಿಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟಿದ್ದಾನೆ. ಈ ನೋಟುಬುಕ್ಕನ್ನು ಮಾತ್ರ ಮುಟ್ಟಿಲ್ಲ.

೧೯ ಮಾರ್ಚ್, ಭಾನುವಾರ
ಬಿಜಾಪುರ

ಮುಂಜಾನೆಯ ಬಸ್ಸಿಗೆ ಬಂದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದೆ. 'ತಪ್ಪಾತು' ಎಂಬ ಒಂದೇ ಶಬ್ದ, ಅದೂ ನನ್ನದೇ ಭಾಷೆಯದು. ನಾಲಿಗೆ ಏಳಲೇ ಒಲ್ಲದು.

ಬಸಂತರಾಯನ ತಾಯಿ ಶಂಕ್ರೆವ್ವ ಮಂಚದ ಪಕ್ಕ ಕೂತು ಚಮಚೆಯಿಂದ ಗಂಜಿ ಹನಿಸುತ್ತಿದ್ದಳು. ನನ್ನನ್ನು ನೋಡಿ ಎದ್ದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. "ನಿನಗ ಎಷ್ಟ ಸಲ ಉಣ್ಣಾಕ ನೀಡಿಲ್ಲೋ ನಾನು" ಎಂದಳು. ಅಷ್ಟು ಹೇಳಿ ಜಾಗ ಬಿಟ್ಟುಕೊಟ್ಟಳು.

ಅವನ ಮುಖ ಗುರುತು ಸಿಗುವಂತಿರಲಿಲ್ಲ. ಗದ್ದದಿಂದ ನೆತ್ತಿಯವರೆಗೆ ಪಟ್ಟಿ. ಬಲಗೈಗೆ ಪ್ಲಾಸ್ಟರು, ಅದರಿಂದ ಹೊರಗೆ ಊದಿದ ಬೆರಳುಗಳು ಬದನೆಕಾಯಿಯಂತೆ ಕಾಣುತ್ತಿದ್ದವು. ಕಣ್ಣು ಮಾತ್ರ ಅವನವೇ. ಕಾಲು ಮುಟ್ಟಲು ಬಗ್ಗಿದೆ. ಅವನು ಕಾಲು ಎಳೆದುಕೊಂಡು, ಆ ಬಲಗೈಯನ್ನೇ ಮೆಲ್ಲಗೆ ಎತ್ತಿ ನನ್ನ ಮುಂದೆ ಚಾಚಿದ.

ಅಂಗೈ ಮೇಲಿನ ಬಿಳಿ ಪ್ಲಾಸ್ಟರಿನಲ್ಲಿ ಎಡಗೈಯಿಂದ ಬರೆದ ಸೊಟ್ಟ ಅಕ್ಷರಗಳಿದ್ದವು. ಇಂಗ್ಲಿಷಿನ ಒಂದೇ ಶಬ್ದ. ಕರೇಜ್.

"ಶುದ್ಧಿ ಬಂದ ದಿನದಿಂದ ಅದನ್ನ ತೋರಸಾಕತ್ತಾನ. ದೇವರ ಹೆಸರೇನೋ?" ಎಂದಳು ಶಂಕ್ರೆವ್ವ.

"ಧೈರ್ಯ ಅಂತೈತಿ, ಯವ್ವಾ" ಎಂದೆ.

ಬೇವಿನ ಕೆಳಗೆ ಅವನು ಅರ್ಧಕ್ಕೆ ನಿಲ್ಲಿಸಿದ್ದ ಮಾತು ಅದು. "ನನ್ನ ಅಪ್ಪನ ಕೈ ಹಿಡಿಯಬೇಕಿತ್ತು, ಹಿಡಿಯಲು ನನಗೆ ಧೈರ್ಯ ಇರಲಿಲ್ಲ." ಇಷ್ಟೇ. ಇದನ್ನು ಹೇಳಲು ಅವನು ಎರಡು ಸಲ ಅಂಗೈ ತುಂಬ ಬರೆದುಕೊಂಡು ಬಂದಿದ್ದ. ಹೇಡಿ ಎಂದು ನಾನು ಅವನಿಗೆ ಹತ್ತು ಬಗೆಯಾಗಿ ಹೇಳಿದೆ. ಅವನು ಅದನ್ನು ನನಗಿಂತ ಮೊದಲೇ ಒಪ್ಪಿಕೊಂಡಿದ್ದ.

ಜೇಬಿನಿಂದ ಹರಳು ತೆಗೆದು ಆ ಶಬ್ದದ ಮೇಲಿಟ್ಟೆ. "ನಿನ್ನ ಸರದಿ. ಮಾತಾಡಲೇ ಬಸಂತ್ಯಾ" ಎಂದೆ. ಅವನ ಗಂಟಲಿನಲ್ಲಿ ಏನೋ ಗುರುಗುಟ್ಟಿತು, ಹೊರಗೆ ಬರಲಿಲ್ಲ. ಮತ್ತೆ, "ಮಾತಾಡಲೇ" ಎಂದೆ.

ಶಂಕ್ರೆವ್ವ ನನ್ನ ಭುಜ ಮುಟ್ಟಿದಳು. "ದವಡಿ ತಂತಿ ಹಾಕಿ ಕಟ್ಯಾರಪಾ. ಆರ ವಾರ ಬಾಯಿ ತೆರಿಯಂಗಿಲ್ಲ. ಹೆಂಗ ಮಾತಾಡ್ತಾನ?"

ಅವನ ಬೆರಳುಗಳು ಮಡಚುತ್ತಿರಲಿಲ್ಲ. ಹರಳು ಜಾರತೊಡಗಿತು. ಅದು ಬೀಳದಂತೆ ಅವನ ಕೈಯನ್ನು ಕೆಳಗಿನಿಂದ ಹಿಡಿದುಕೊಂಡೆ, ಮೇಲೆ ನನ್ನ ಇನ್ನೊಂದು ಕೈ ಮುಚ್ಚಿದೆ. ನಾಲ್ಕರ ಬಸ್ಸು ಹೋಯಿತು. ಆರರದೂ ಹೋಗಿರಬೇಕು. ಅವನು ನಿದ್ದೆ ಹೋದ ಮೇಲೆ ಒಂದು ಕೈ ಬಿಡಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಅಲ್ಲೇ ಇದೆ.